ಬುಧವಾರದ ಕಾರಿಡಾರ್

ನನ್ನ ಬಾಯಿ ಸ್ವಲ್ಪ ಜೋರು. ಹತ್ತೊಂಬತ್ತು ವರ್ಷದಿಂದ ಐಸಿಯುನಲ್ಲಿ ನರ್ಸ್ ಆಗಿದ್ದೇನೆ. ಅಲ್ಲಿ ಅಲಾರಾಂಗಳ ಗದ್ದಲದಲ್ಲಿ ಪಿಸುಗುಟ್ಟಿದರೆ ಯಾರಿಗೂ ಕೇಳಿಸುವುದಿಲ್ಲ. ಬೆನ್ನ ಹಿಂದೆ ನನ್ನನ್ನು ‘ಗುಡುಗು ಸಿಸ್ಟರ್’ ಅನ್ನುತ್ತಾರೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೇನೆ.

ನಮ್ಮಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿತ್ತು. ಇಲ್ಲಿಂದ ಮೇಲಿನ ವಾರ್ಡಿಗೆ ಹೋದ ರೋಗಿಯ ಸುದ್ದಿ ಕೇಳಬಾರದು. ನಾನು ಸೇರಿದ ವರ್ಷ ಒಂದೇ ವಾರದಲ್ಲಿ ಮೂವರ ಬಗ್ಗೆ ವಿಚಾರಿಸಿದ್ದೆವು, ಮೂವರೂ ತೀರಿಕೊಂಡಿದ್ದರು. ನಾವು ಕೇಳಿದ್ದರಿಂದಲೇ ಹೀಗಾಯಿತು ಎಂದು ಆಗಿನ ಹಿರಿಯ ಸಿಸ್ಟರ್ ಅಂದುಬಿಟ್ಟರು. ಆಮೇಲೆ ಯಾರೂ ಆ ಉಸಾಬರಿಗೆ ಹೋಗಲಿಲ್ಲ. ಹಾಸಿಗೆ ಒರೆಸುವುದು, ಹೊಸ ಚಾದರ ಹಾಸುವುದು, ಮುಂದಿನವರನ್ನು ಮಲಗಿಸುವುದು, ಅಷ್ಟೇ.

ಆ ಬುಧವಾರ ನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಬಡಗಿ ಇದ್ದ. ರಕ್ತದ ಕ್ಯಾನ್ಸರ್. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣ ನೆಲಕಚ್ಚಿ, ಅದೇ ಹೊತ್ತಿಗೆ ನ್ಯುಮೋನಿಯಾ ಹಿಡಿದಿತ್ತು. ಮೂರು ದಿನದಿಂದ ಮುಖಕ್ಕೆ ಆಕ್ಸಿಜನ್ ಮಾಸ್ಕ್. ಆದರೂ ಸುಮ್ಮನಿರುವ ಪ್ರಾಣಿಯಲ್ಲ.

“ಸಿಸ್ಟರ್... ನಿಮ್ಮ ಔಷಧಿ ಕಪಾಟಿನ ಬಾಗಿಲು... ಜೋತುಬಿದ್ದಿದೆ. ಕೀಲು ಹೋಗಿದೆ.”

“ಹನ್ನೆರಡು ವರ್ಷದಿಂದ ಹಂಗೇ ಇದೆ. ನೀವು ಉಸಿರಾಡೋ ಕೆಲಸ ನೋಡ್ಕೊಳ್ಳಿ.”

ಅವನ ಅಕ್ಕ ಪಕ್ಕದಲ್ಲಿ ಕೂತು ನಕ್ಕಳು. ತಂದೆತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಸಾಕಿದವಳು ಅವಳೇ.

ಹತ್ತು ಗಂಟೆಗೆ ನಮ್ಮ ಡಾಕ್ಟರಮ್ಮ ಬಂದಳು. ವಯಸ್ಸಿನಲ್ಲಿ ನನ್ನ ಮಗಳಂತಿದ್ದಾಳೆ, ಮಾತು ಮಾತ್ರ ಅಳೆದು ತೂಗಿ. “ನೋಡಿ, ಮಾಸ್ಕ್ ಸಾಕಾಗ್ತಾ ಇಲ್ಲ. ಮಧ್ಯಾಹ್ನದೊಳಗೆ ವೆಂಟಿಲೇಟರ್ ಹಾಕ್ಬೇಕಾಗುತ್ತೆ. ನಿಮ್ಮಂಥ ಹತ್ತು ಜನಕ್ಕೆ ಹಾಕಿದ್ರೆ, ಮೂರ್ನಾಲ್ಕು ಜನ ಮನೆಗೆ ಹೋಗ್ತಾರೆ. ಒಂದು ವಾರ ನೋಡೋಣ. ಸುಧಾರಿಸೋ ಲಕ್ಷಣ ಇಲ್ಲಾಂದ್ರೆ ಸುಮ್ನೆ ಹಿಂಸೆ ಕೊಡಲ್ಲ. ಬೇಕೋ ಬೇಡ್ವೋ ನೀವೇ ಹೇಳ್ಬೇಕು.”

ಆಕೆ ಹೋದ ಮೇಲೆ ಬಡಗಿ ನನ್ನ ಕಡೆ ತಿರುಗಿದ. “ಸಿಸ್ಟರ್, ನೀವು ಇಷ್ಟು ವರ್ಷ ನೋಡಿದೀರಿ. ನನ್ನ ಥರದೋರು... ಆ ಮಷೀನಿಂದ ಎದ್ದು ಮನೆಗೆ ಹೋಗಿದ್ದನ್ನ... ನೀವು ಕಂಡಿದೀರಾ?”

ನಾನು ನೆನಪು ಕೆದಕಿದೆ. ಕಣ್ಣಿಗೆ ಬಂದದ್ದೆಲ್ಲ ಪರದೆ ಎಳೆದ ಹಾಸಿಗೆಗಳೇ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಡ್ರಿಪ್ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದೆ.

ಗುಡುಗು ಸಿಸ್ಟರ್ ಬಾಯಿಮುಚ್ಚಿದಳೆಂದರೆ ಅದಕ್ಕಿಂತ ದೊಡ್ಡ ಉತ್ತರ ಬೇಕೇ? ಅವನು ಅಕ್ಕನ ಕೈ ಹಿಡಿದು “ಮಷೀನು ಬೇಡಕ್ಕ” ಅಂದ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರಮ್ಮ ನನ್ನನ್ನು ಔಷಧಿ ಕಪಾಟಿನ ಹಿಂದೆ ಕರೆದಳು. “ಏನಂದ್ರಿ ಅವರಿಗೆ?”

“ಏನೂ ಅನ್ಲಿಲ್ಲ. ಯಾರಾದ್ರೂ ಉಳಿದು ಮನೆಗೆ ಹೋಗಿದ್ದನ್ನ ನೋಡಿದೀರಾ ಅಂತ ಕೇಳಿದ್ರು. ನಾನು ಒಬ್ಬರನ್ನೂ ನೋಡಿಲ್ಲ ಡಾಕ್ಟ್ರೇ! ನಿಮ್ಮ ಮೂರ್ನಾಲ್ಕು ಜನ ಎಲ್ಲಿದಾರೆ, ಪುಸ್ತಕದಲ್ಲಾ?”

ಆಕೆಗೂ ಸಿಟ್ಟು ಬಂತು. “ನೀವು ನೋಡೋದು ಸಾಯೋರನ್ನ ಮಾತ್ರ ಸಿಸ್ಟರ್. ಬದುಕಿದೋರು ಇಲ್ಲಿಗ್ಯಾಕೆ ವಾಪಸ್ ಬರ್ತಾರೆ? ಇವತ್ತು ಬುಧವಾರ. ಕೆಳಗೆ ರಕ್ತದ ಕ್ಯಾನ್ಸರ್‌ನೋರ ಓಪಿಡಿ ಇದೆ, ಉಳಿದೋರು ತಪಾಸಣೆಗೆ ಅಲ್ಲಿಗೇ ಬರ್ತಾರೆ. ಹೋಗಿ ನೋಡ್ಕೊಂಡು ಬನ್ನಿ, ನಿಮ್ಮ ಹಾಸಿಗೆ ಹತ್ರ ನಾನು ನಿಂತಿರ್ತೀನಿ.”

ನಿಯಮ ಮುರಿಯಲು ಕಾಲು ಹಿಂಜರಿಯಿತು. ಆದರೆ ನನ್ನ ಮೌನ ಒಬ್ಬನ ಜೀವ ತೆಗೆಯುತ್ತಿದೆಯೇನೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಇಳಿದೆ.

ಕೆಳಗಿನ ಕಾರಿಡಾರಿನಲ್ಲಿ ಎರಡೂ ಕಡೆ ಬೆಂಚು, ಬೆಂಚು ತುಂಬ ಜನ. ಒಬ್ಬ ದಪ್ಪ ಮೀಸೆಯವನು ದಾರಿಗೆ ಅಡ್ಡ ಕಾಲು ಚಾಚಿ ಕೂತಿದ್ದ.

“ಕಾಲು ಒಳಗೆಳ್ಕೊಳ್ಳಿ! ಇದೇನು ನಿಮ್ಮ ಮನೆ ಜಗಲಿನಾ?”

ಅವನು ಬೆಚ್ಚಿ ಎದ್ದು ನಿಂತ. ನನ್ನನ್ನೇ ನೋಡಿದ. “ಗುಡುಗು ಸಿಸ್ಟರ್!” ಎಂದವನೇ ಎರಡೂ ಕೈ ಮುಗಿದ. “‘ಉಸಿರೆಳ್ಕೊಳ್ಳಿ, ನಾಟಕ ಬೇಡ’ ಅಂತ ಬೈತಿದ್ರಲ್ಲ, ಆ ದನಿ ಹೆಂಗೆ ಮರೀಲಿ? ನಾನು ಎರಡನೇ ಹಾಸಿಗೆಯ ದರ್ಜಿ.”

ಎರಡನೇ ಹಾಸಿಗೆಯ ದರ್ಜಿ ನನಗೆ ನೆನಪಿದ್ದ. ತಲೆಯಲ್ಲಿ ಒಂದೂ ಕೂದಲಿಲ್ಲದ, ಮೂಳೆಚಕ್ಕಳದ ಮನುಷ್ಯ. ಎಂದೋ ಸತ್ತಿರಬೇಕು ಅಂದುಕೊಂಡು ಮನಸ್ಸಿನಲ್ಲೇ ಕಳಿಸಿಕೊಟ್ಟಿದ್ದೆ. ಈಗ ಅವನಿಗೆ ಹೊಟ್ಟೆ ಬಂದಿತ್ತು. ಆಚೆ ಬೆಂಚಿನಿಂದ ಒಬ್ಬ ಅಜ್ಜಿ, ಇನ್ನೊಬ್ಬಳು ಕಾಲೇಜಿನ ಮೇಡಂ ಎದ್ದು ಬಂದರು. ಅವರೂ ನನ್ನವರೇ. ಮುಖ ನೋಡಿ ಒಬ್ಬರ ಗುರುತೂ ನನಗೆ ಸಿಗಲಿಲ್ಲ. ನನಗೆ ಅಳು ಬಂತು. ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತೆ.

ಕಣ್ಣೊರೆಸಿಕೊಂಡು ದರ್ಜಿಯ ತೋಳು ಹಿಡಿದೆ. “ನಡೀರಿ ಮೇಲೆ. ನಿಮ್ಮಿಂದ ಒಂದು ಕೆಲಸ ಆಗ್ಬೇಕು.”

ಸೋಂಕಿನ ಭಯಕ್ಕೆ ಅವನನ್ನು ಒಳಗೆ ಬಿಡುವಂತಿರಲಿಲ್ಲ. ಗಾಜಿನ ಆಚೆ ನಿಲ್ಲಿಸಿ ಅಕ್ಕನ ನಂಬರ್ ಕೊಟ್ಟೆ. ಅಕ್ಕ ಫೋನನ್ನು ತಮ್ಮನ ಕಿವಿಗೆ ಹಿಡಿದಳು.

“ಅಣ್ಣಾ, ನಾನು ಆ ಮಷೀನಲ್ಲಿ ಎಂಟು ದಿನ ಇದ್ದೆ,” ಅಂದ ದರ್ಜಿ. “ಸುಖ ಅಂತ ಹೇಳಲ್ಲ. ಎದ್ದ ಮೇಲೆ ಗಂಟಲು ಒಂದು ತಿಂಗಳು ಉರೀತು. ಮೆಟ್ಟಿಲು ಹತ್ತೋಕೆ ಮೂರು ತಿಂಗಳು ಬೇಕಾಯ್ತು. ನನ್ನ ಪಕ್ಕದ ಹಾಸಿಗೆಯವರು ಉಳೀಲಿಲ್ಲ. ಆದ್ರೆ ಮೊನ್ನೆ ನನ್ನ ಮಗಳ ಯೂನಿಫಾರ್ಮ್ ನಾನೇ ಹೊಲಿದೆ.”

ಬಡಗಿ ಗಾಜಿನಾಚೆಯ ದರ್ಜಿಗೆ ಕೈ ಎತ್ತಿದ. ಆಮೇಲೆ ನನ್ನನ್ನು ಕರೆದು “ಹಾಕಿ ಸಿಸ್ಟರ್” ಅಂದ.

ಮೊದಲ ಐದು ದಿನ ಎದೆಯ ಎಕ್ಸ್-ರೇ ತುಂಬ ನ್ಯುಮೋನಿಯಾದ ಬಿಳಿ ಮಸುಕೇ ಇತ್ತು. ಅಕ್ಕ ಊಟ ಬಿಟ್ಟಳು. ನಾನು ಬೈದು ತಿನ್ನಿಸಿದೆ, ಆದರೆ ನಾನೇ ಸರಿಯಾಗಿ ತಿನ್ನಲಿಲ್ಲ. ಆರನೇ ದಿನ ಬಿಳಿ ಕಣಗಳು ತಲೆ ಎತ್ತಿದವು. ಏಳನೇ ದಿನಕ್ಕೆ ಯಂತ್ರದ ಆಕ್ಸಿಜನ್ ಅರ್ಧಕ್ಕೆ ಇಳಿಸಿದೆವು. ಒಂಬತ್ತನೇ ಬೆಳಿಗ್ಗೆ ಟ್ಯೂಬ್ ತೆಗೆದು “ಉಸಿರೆಳ್ಕೊಳ್ಳಿ, ನಾಟಕ ಬೇಡ!” ಎಂದು ಕೂಗಿದೆ. ಎಳೆದುಕೊಂಡ. ವಾರ್ಡಿಗೆ ಹೊರಟ ದಿನ, ನಾನೇ ಮೊದಲು ಬಾಯಿಬಿಟ್ಟು “ಸುದ್ದಿ ಕೇಳೋಕೆ ಬರ್ತೀನಿ” ಅಂದೆ. ಉಳಿದ ಸಿಸ್ಟರ್‌ಗಳು ನನ್ನನ್ನು ದುರುಗುಟ್ಟಿ ನೋಡಿದರು.

ಈಗ ಪ್ರತಿ ಬುಧವಾರ ಡ್ಯೂಟಿಗೆ ಮುಂಚೆ ಆ ಕಾರಿಡಾರಿಗೆ ಹೋಗುತ್ತೇನೆ. ಕೆಲವು ವಾರ ಬರಬೇಕಾದವರು ಬರುವುದಿಲ್ಲ. ಐದು ತಿಂಗಳಾದ ಮೇಲೆ ಒಂದು ಬುಧವಾರ ಬಡಗಿ ಜೇಬಿನಲ್ಲಿ ಎರಡು ಹಿತ್ತಾಳೆ ಕೀಲು ಇಟ್ಟುಕೊಂಡು ಬಂದ. “ಒಳಗೆ ಬಿಡಲ್ಲ ಅಂದ್ರೆ ಬಾಗಿಲನ್ನೇ ಕೆಳಗೆ ತನ್ನಿ” ಅಂದ. ನಾನು ಕಪಾಟಿನ ಬಾಗಿಲು ಬಿಚ್ಚಿಸಿ ತಲೆ ಮೇಲೆ ಹೊತ್ತು ಲಿಫ್ಟಿನಲ್ಲಿ ಇಳಿದೆ. ಡಾಕ್ಟರಮ್ಮ ನಕ್ಕು ನಕ್ಕು ಸುಸ್ತಾದಳು.

ನಿನ್ನೆ ನಾಲ್ಕನೇ ಹಾಸಿಗೆಗೆ ಹೊಸಬಳು ಬಂದಳು. ಮಾಸ್ಕಿನೊಳಗಿಂದ ಅದೇ ಪ್ರಶ್ನೆ. “ಸಿಸ್ಟರ್, ನೀವು ಯಾರನ್ನಾದ್ರೂ ಕಂಡಿದೀರಾ?”

“ಹೆಚ್ಚಿನವರು ಉಳಿಯಲ್ಲಮ್ಮ, ನಿನಗೆ ಸುಳ್ಳು ಹೇಳಲ್ಲ,” ಅಂದೆ. “ಉಳಿದೋರನ್ನೂ ಕಂಡಿದೀನಿ. ಇದೇ ಹಾಸಿಗೇಲಿ ಒಬ್ಬರಿದ್ರು. ನೋಡು, ಅವರು ಮಾಡಿದ ಕೆಲಸ.”

ಎದ್ದು ಹೋಗಿ ಕಪಾಟಿನ ಬಾಗಿಲು ಪೂರ್ತಿ ತೆರೆದೆ. ಮೆಲ್ಲಗೆ ದೂಡಿ ಕೈ ಬಿಟ್ಟೆ. ಅದು ತಾನಾಗಿಯೇ ಹೋಗಿ ನೆಟ್ಟಗೆ ಮುಚ್ಚಿಕೊಂಡಿತು.

“ಇನ್ನೊಂದ್ಸಲ ಮಾಡಿ,” ಅಂದಳು ಅವಳು.