ತೊಳೆದಿಟ್ಟ ತಟ್ಟೆ

ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತುವ ಮುಂಚೆ ಒಂದು ಪೀಪಾಯಿ ಗಟ್ಟಿ ಬಿಯರನ್ನು ಎಂಟು ಶಿಲ್ಲಿಂಗಿಗೆ ಮಾರುತ್ತಿದ್ದೆ. ಪಾರ್ಲಿಮೆಂಟು ಅದರ ಮೇಲೆ ಎರಡು ಶಿಲ್ಲಿಂಗ್ ಸುಂಕ ಹಾಕಿತು. ಆಮೇಲೆ ಉಪ್ಪಿಗೆ ಹಾಕಿತು. ಆಮೇಲೆ ಮಾಂಸಕ್ಕೆ, ಇಪ್ಪತ್ತು ಶಿಲ್ಲಿಂಗಿಗೆ ಒಂದರಂತೆ. ಇದು ಪ್ರಜೆಗಳ ರಕ್ತ ಹೀರುವ ತೆರಿಗೆ ಎಂದು ರಾಜನ ಕಡೆಯವರು ಊರೂರಿಗೆ ಬಂದು ಸಾರಿದರು; ಸಾರಿದ ಗಂಟಲು ಆರುವ ಮೊದಲೇ ಅವರೂ ಅದನ್ನೇ ಹಾಕಿದರು. ನಮ್ಮ ಬರ್ಕ್‌ಷೈರಿನ ಹಳ್ಳಿ ಎರಡು ದಂಡುಗಳ ನಡುವೆ ಬಿದ್ದಿತ್ತು. ಬೇಸಿಗೆಯಲ್ಲಿ ರಾಜನನ್ನು ಸಾಕಿದೆವು, ಚಳಿಗಾಲದಲ್ಲಿ ಪಾರ್ಲಿಮೆಂಟನ್ನು. ಇಬ್ಬರೂ ಹೊಡೆದಾಡುತ್ತಿದ್ದದ್ದು ನಮ್ಮ ಹಿತಕ್ಕಂತೆ.

ಆ ನವೆಂಬರಿನಲ್ಲಿ ಪಾರ್ಲಿಮೆಂಟಿನ ಸುಂಕದವನು ನನ್ನ ಬಿಯರಂಗಡಿಯ ಮಹಡಿಯಲ್ಲಿ ಬಿಡಾರ ಹೂಡಿದ. ಹೆಸರು ಒಬಡಾಯ ಸ್ಟೆಬಿಂಗ್. ಮೊದಲು ಲಂಡನ್ನಿನಲ್ಲಿ ಅಂಗಿಯ ಗುಂಡಿ ಮಾರುತ್ತಿದ್ದವನು. ಜೊತೆಗಿಬ್ಬರು ಸಿಪಾಯಿಗಳು. ಬಲು ಶುಚಿಯ ಮನುಷ್ಯ. ಉಣ್ಣುವ ಮುಂಚೆ ನನ್ನ ಚಮಚವನ್ನು ತನ್ನ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದ. ಉಂಡದ್ದಕ್ಕೆ ಕಾಸು ಕೊಡುವುದನ್ನು ಮಾತ್ರ ಮರೆಯುತ್ತಿದ್ದ. ಮನೆಯವರು ತಿನ್ನಲು ಕಡಿದ ಹಂದಿಗೆ ಸುಂಕವಿಲ್ಲ, ಮಾರಲು ಕಡಿದದ್ದಕ್ಕೆ ಉಂಟು ಎಂದು ಚರ್ಚಿನ ಅಂಗಳದಲ್ಲಿ ನಿಂತು ಓದಿದ್ದ.

ನನ್ನ ಪಕ್ಕದ ಮನೆಯ ಉರ್ಸುಲಾ ತನ್ನ ಒಂದೇ ಒಂದು ಹಂದಿಯನ್ನು ಕಡಿಸಿದಳು. ಅವಳ ಗಂಡನನ್ನು ರಾಜನ ಕಡೆಯವರು ಎಳೆದುಕೊಂಡು ಹೋಗಿದ್ದರು. ಅವನು ತಿರುಗಿ ಬರಲಿಲ್ಲ. ಮೂರು ಮಕ್ಕಳಿಗೆ ಚಳಿಗಾಲವೆಲ್ಲ ಆ ಹಂದಿಯೇ ಗತಿ. ಹಂದಿಯನ್ನು ಎರಡು ಪಕ್ಕೆಗಳಾಗಿ ಸೀಳಿ ಉಪ್ಪಿನ ತೊಟ್ಟಿಗೆ ಹಾಕಿ, ಈಲಿ, ಗುಂಡಿಗೆ, ಒಂದಿಷ್ಟು ಕೊಬ್ಬನ್ನು ತಟ್ಟೆಗಳಲ್ಲಿಟ್ಟು ನೆರೆಮನೆಗಳಿಗೆ ಕಳಿಸಿದಳು. ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ನನ್ನ ಮನೆಗೆ ಬಂದ ತಟ್ಟೆಯಲ್ಲಿದ್ದದ್ದನ್ನು ಹುರಿದು ಬಡಿಸಿದೆ. ದೊಡ್ಡ ತುಂಡು ಸ್ಟೆಬಿಂಗನ ಹೊಟ್ಟೆಗೆ ಹೋಯಿತು.

ಮರುದಿನ ಬೆಳಿಗ್ಗೆ ಉರ್ಸುಲಾ ಖಾಲಿ ತಟ್ಟೆ ಹಿಡಿದು ಓಡಿ ಬಂದಳು. "ತಾಮಸಿನಕ್ಕಾ, ಇದನ್ನ ಯಾರು ತೊಳೆದೋರು?"

"ನಾನೇ ತೊಳೆಸಿ ಕಳಿಸಿದ್ದು," ಎಂದ ಸ್ಟೆಬಿಂಗ್, ಒಲೆಯ ಪಕ್ಕದಿಂದ. "ಈ ಊರಲ್ಲಿ ಜಿಡ್ಡು ತಟ್ಟೆ ಹೊತ್ಕೊಂಡು ಓಡಾಡ್ತಾರೆ. ನೋಡೋಕಾಗಲ್ಲ."

"ಅಯ್ಯೋ ದೊರೆ, ಹಂದಿ ತಟ್ಟೆ ತೊಳೀಬಾರ್ದು. ತೊಳೆದ್ರೆ ತೊಟ್ಟೀಲಿರೋ ಮಾಂಸಕ್ಕೆ ಉಪ್ಪು ಹಿಡಿಯಲ್ಲ. ಹೆಂಗಿದ್ಯೋ ಹಂಗೇ ವಾಪಸ್ ಬರಬೇಕು. ಆಮೇಲೆ ಅವರ ಮನೇಲಿ ಕಡಿದಾಗ ನನ್ನ ಪಾಲು ನನಗೆ ಬರ್ತದೆ."

"ಓ, ಬರ್ತದೋ? ಖಂಡಿತ?"

"ಬರ್ದೆ ಏನು? ನಮ್ಮೂರೋರು ತಿಂದು ಮರೆಯೋ ಜನ ಅಲ್ಲ."

ಅವಳ ಕಾಲು ತುಳಿದೆ. ಹೊತ್ತು ಮೀರಿತ್ತು.

"ಕೊಟ್ಟದ್ದಕ್ಕೆ ಪ್ರತಿಯಾಗಿ ಬರೋದಾದ್ರೆ ಅದು ವ್ಯಾಪಾರ," ಎಂದ ಅವನು. "ಇಡೀ ಹಂದಿಗೆ ಒಂದು ಶಿಲ್ಲಿಂಗ್ ಸುಂಕ ಬೀಳ್ತದೆ. ಮುಚ್ಚಿಟ್ಟದ್ದಕ್ಕೆ ಒಂದು ಪಕ್ಕೆ ಜಪ್ತಿ."

"ಆ ಒಂದು ಶಿಲ್ಲಿಂಗ್ ನಾನು ಕೊಡ್ತೀನಿ ಬಿಡಿ," ಎಂದೆ.

"ಶಿಲ್ಲಿಂಗೂ ಕೊಡಿ. ಪಕ್ಕೆ ಬೇರೆ."

"ನೀವೂ ತಿಂದ್ರಲ್ಲ ದೊರೆ? ನೀವೇನು ವಾಪಸ್ ಕೊಟ್ರಿ?" ಎಂದು ಕೇಳಿದೆ.

"ನಾನು ಸರ್ಕಾರ ಕಣಮ್ಮ."

"ಹಂಗಾದ್ರೆ ಸರ್ಕಾರದ ಹಲ್ಲಲ್ಲಿ ಇನ್ನೂ ಈಲಿ ಸಿಕ್ಕೊಂಡದೆ. ತೆಗೆದುಕೊಳ್ಳಿ."

ಒಬ್ಬ ಸಿಪಾಯಿ ನಕ್ಕ. ನಕ್ಕವನಿಗೇ ಪಕ್ಕೆ ಹೊರುವ ಕೆಲಸ ಬಿತ್ತು. ಉರ್ಸುಲಾ ಮಕ್ಕಳನ್ನು ತೋರಿಸಿ ಬೇಡಿಕೊಂಡಳು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಯಾರಿಗೆ ಏನು ಸಿಕ್ಕಿದೆ?

ಪಕ್ಕೆಯನ್ನು ಮಹಡಿಯ ಅವನ ಕೋಣೆಯಲ್ಲಿ, ನನ್ನ ಒಲೆಯ ಹೊಗೆಗೂಡಿಗೆ ಒತ್ತಿಕೊಂಡಂತೆ ನೇತುಹಾಕಿದರು. ಮನಸ್ಸು ತಡೆಯದೆ ಹೇಳಿದೆ: "ದೊರೆ, ಅದಕ್ಕೆ ಉಪ್ಪು ಇನ್ನೂ ಮೂಳೆತನಕ ಇಳಿದಿಲ್ಲ. ದಿನಾ ಉಜ್ಜಬೇಕು. ಬೆಚ್ಚಗಿನ ಜಾಗ ಬೇಡ."

"ಸರ್ಕಾರಿ ಲೆಕ್ಕದಲ್ಲಿ ಉಪ್ಪು ಕೊಳ್ಳೋಕೆ ನನಗೆ ಅಪ್ಪಣೆ ಇಲ್ಲ," ಎಂದ. "ಸುಂಕ ಸೇರಿ ಉಪ್ಪು ಈಗ ತುಟ್ಟಿ, ಗೊತ್ತಲ್ಲ."

ಗೊತ್ತಿತ್ತು.

ಕ್ರಿಸ್‌ಮಸ್ ದಿನ ಎಲ್ಲರೂ ಉಪವಾಸ ಮಾಡಿ ಎಂದು ಪಾರ್ಲಿಮೆಂಟು ಆ ವರ್ಷ ಅಪ್ಪಣೆ ಮಾಡಿತ್ತು. ಉಳಿದ ಒಂದು ಪಕ್ಕೆಯನ್ನು ಎಣಿಸಿ ಎಣಿಸಿ ತಿನ್ನುತ್ತಿದ್ದ ಉರ್ಸುಲಾಳ ಮನೆಯಲ್ಲಿ ಅದು ಸುಲಭವಾಗಿ ನಡೆಯಿತು. ಅಷ್ಟು ಹೊತ್ತಿಗೆ ಮಹಡಿಯ ಪಕ್ಕೆ ನಾರಿ, ಆ ಶುಚಿಯ ಮನುಷ್ಯ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಳಗೆ ಬಂದು ಮಲಗುತ್ತಿದ್ದ. ತಟ್ಟೆ ತೊಳೆದದ್ದರ ಫಲ ಎಂದರು ಊರ ಹೆಂಗಸರು. ಉಪ್ಪು ಸಾಲದೆ ಕೆಟ್ಟದ್ದು ಎಂದು ನನಗೆ ಗೊತ್ತು. ಆದರೆ ಆ ಮಾತು ಕೇಳಿದಾಗಲೆಲ್ಲ ಅವನು ಬಿಳಿಚಿಕೊಳ್ಳುತ್ತಿದ್ದ, ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಕೊನೆಗೆ ಗೋರಿ ತೋಡುವವನಿಗೆ ಸರ್ಕಾರದ ಹಣದಲ್ಲಿ ನಾಲ್ಕು ಪೆನ್ಸ್ ಕೊಟ್ಟು ಹೂಳಿಸಿದ.

ಊರವರು ತಮ್ಮ ತಮ್ಮ ಹಂದಿಗಳನ್ನು ಬಾಗಿಲು ಹಾಕಿಕೊಂಡು ಕಡಿದರು. ಉರ್ಸುಲಾ ತನ್ನ ಪಾಲು ಬರುತ್ತದೆ ಎಂದು ಹೊಸಿಲಲ್ಲಿ ನಿಂತು ಕಾದಳು. ಒಂದು ತಟ್ಟೆಯೂ ಬರಲಿಲ್ಲ. ಕೆಟ್ಟವರೇನಲ್ಲ, ಹೆದರಿದ್ದರು. ಪಕ್ಕೆ ಮುಗಿದ ಮೇಲೆ ಮಾರ್ಚಿನವರೆಗೆ ಅವಳ ಮಕ್ಕಳು ನನ್ನ ಅಡುಗೆಮನೆಯಲ್ಲಿ ಬಟಾಣಿ ಗಂಜಿ ಕುಡಿದರು. ಯಾರೂ ಸಾಯಲಿಲ್ಲ.

ಮೂರು ವರ್ಷದ ಮೇಲೆ, ಜನ ದಂಗೆಯೆದ್ದ ಮೇಲೆ, ಪಾರ್ಲಿಮೆಂಟು ಮಾಂಸದ ಸುಂಕವನ್ನು ತೆಗೆಯಿತು. ಬಿಯರಿನದು ಇಂದಿಗೂ ಇದೆ. ಆ ಹಂದಿಯಿಂದ ಪಾರ್ಲಿಮೆಂಟಿಗೆ ದಕ್ಕಿದ್ದು ನನ್ನ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪೆನ್ಸ್; ಅದರಲ್ಲಿ ಹೂಳಿದ ಕೂಲಿ ಕಳೆದರೆ ಎಂಟು ಪೆನ್ಸ್. ಉರ್ಸುಲಾಳಿಗೆ ಅರ್ಧ ಹಂದಿ ಹೋಯಿತು. ನಮ್ಮೂರಲ್ಲಿ ಆಮೇಲೆ ಯಾರ ಮನೆಯ ತಟ್ಟೆಯೂ ಇನ್ನೊಂದು ಮನೆಗೆ ಹೋಗಲಿಲ್ಲ.