ಚಕ್ಕೋತದ ಗೆರೆಗಳು

ಕುಂದಾಣದ ಮನೆಯಲ್ಲಿ ಲಕ್ಷ್ಮೀದೇವಮ್ಮ ಚಕ್ಕೋತ ಸುಲಿಯುತ್ತಿದ್ದಾಗ ಸಿಪ್ಪೆಯ ರಸ ಚಿಮ್ಮಿ ಮಗಳು ವಾಣಿಶ್ರೀಯ ಕನ್ನಡಕಕ್ಕೆ ಅಂಟಿತು. ವಾಣಿಶ್ರೀ ಕನ್ನಡಕ ತೆಗೆದು ಮೂಸಿ ನೋಡಿದಳು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಅವಳು ಪಿಎಚ್‌ಡಿಗಾಗಿ ಹಿಡಿದುಕೊಂಡಿದ್ದುದು ಈ ವಾಸನೆಯ ಅಣುವನ್ನೇ, ಲಿಮೋನೀನನ್ನು. ಅಲ್ಲಿ ಅದು ಬಾಟಲಿಯಲ್ಲಿ ಬರುತ್ತಿತ್ತು.

“ಅಮ್ಮ, ಸಿಪ್ಪೆ ಎಸೀಬೇಡ, ನಂಗೆ ಬೇಕು. ಇದರೊಳಗಿನ ಅಣು ಹೆಂಗೆ ತಿರುಗುತ್ತೆ ಅಂತ ನೋಡ್ತೀನಿ.”

“ಕಣ್ಣಿಗೇ ಕಾಣ್ದೇ ಇರೋದು ತಿರುಗೋದು ನಿಂಗೆ ಹೆಂಗೆ ಗೊತ್ತಾಯ್ತದೆ?”

ಗಾಳಿ ತೆಗೆದ ಕೊಳವೆಯೊಳಗೆ ಎಣ್ಣೆಯನ್ನು ಆವಿಯಾಗಿಸಿ ಬಿಟ್ಟರೆ ಅಣುಗಳು ಗಿರಗಿರನೆ ತಿರುಗುತ್ತವೆ. ಮೈಕ್ರೋವೇವ್ ಹಾಯಿಸಿದರೆ ತಮಗೆ ಒಗ್ಗುವ ಆವರ್ತನಗಳನ್ನಷ್ಟೇ ಹೀರಿಕೊಳ್ಳುತ್ತವೆ. ಅವು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಕಾಣುತ್ತವೆ ಎಂದು ವಾಣಿಶ್ರೀ ವಿವರಿಸಿದಳು. “ಆ ಗೆರೆಗಳನ್ನ ನೋಡಿ ಅಣು ಯಾವ ಆಕಾರದಲ್ಲಿದೆ ಅಂತ ಲೆಕ್ಕ ಹಾಕ್ತೀವಮ್ಮ.”

ಲಕ್ಷ್ಮೀದೇವಮ್ಮ ಒಂದು ತೊಳೆ ಬಿಡಿಸಿ ಅವಳ ಕೈಗಿಟ್ಟರು. “ಹಂಗಾದ್ರೆ ನಮ್ಮ ಹಣ್ಣಿಂದೂ ಬಾಟ್ಲೀದೂ ಒಂದೇ ಥರ ತಿರುಗ್ತದಾ?”

ತಿರುಗಲೇಬೇಕು ಎಂದುಕೊಂಡಳು ವಾಣಿಶ್ರೀ. ಆದರೆ ನೋಡಿರಲಿಲ್ಲ.

ಪ್ರಯೋಗಾಲಯಕ್ಕೆ ಮರಳಿದವಳೇ ಸಿಪ್ಪೆ ಹಿಂಡಿ ಎಣ್ಣೆ ತೆಗೆದಳು. ಲಿಮೋನೀನಿನ ಗೆರೆಗಳೆಲ್ಲ ಇದ್ದಲ್ಲೇ ಇದ್ದವು. ಅವುಗಳ ಸಂದಿನಲ್ಲಿ ಮಾತ್ರ ಬಾಟಲಿಯದರಲ್ಲಿ ಎಂದೂ ಕಾಣದ ಬೇರೆ ಗೆರೆಗಳು ಎದ್ದಿದ್ದವು.

“ಸಿಪ್ಪೆ ಎಣ್ಣೆ ಅಂದ್ಮೇಲೆ ಏನೇನೋ ಇರುತ್ತೆ. ಬಿಟ್ಬಿಡಮ್ಮ,” ಎಂದರು ಅವಳ ಗೈಡ್ ಮುನೀಂದ್ರ.

ಅವಳಿಗೆ ಬಿಡಲು ಮನಸ್ಸಾಗಲಿಲ್ಲ. ಲೆಕ್ಕ ಹಾಕಿದರೆ ಆ ಹೊಸ ಗೆರೆಗಳ ಅಣು ಲಿಮೋನೀನಿಗಿಂತ ಕೊಂಚವೇ ದೊಡ್ಡದು. ಲಿಮೋನೀನ್ ತನ್ನ ಬೆನ್ನಿಗೆ ಯಾರನ್ನೋ ಕಟ್ಟಿಕೊಂಡು ತಿರುಗುತ್ತಿದೆಯೇ? ಹಸಿ ಸಿಪ್ಪೆಯಲ್ಲಿ ನೀರಂತೂ ಇದ್ದೇ ಇರುತ್ತದೆ. ಎಣ್ಣೆಯಿಂದ ತೇವವನ್ನೆಲ್ಲ ತೆಗೆದು ನೋಡಿದಳು. ಹೊಸ ಗೆರೆಗಳಲ್ಲಿ ಹೆಚ್ಚಿನವು ಮಾಯ. ಬಾಟಲಿಯ ಲಿಮೋನೀನಿಗೆ ನೀರಿನ ಆವಿ ಸೇರಿಸಿದಳು. ಅಲ್ಲಿಯೂ ಅವು ಎದ್ದು ನಿಂತವು. ಕೊನೆಗೆ ಭಾರದ ಆಮ್ಲಜನಕವಿರುವ ನೀರನ್ನು ಬಳಸಿದಳು. ಅಂಟಿಕೊಂಡಿರುವುದು ನೀರೇ ಆಗಿದ್ದರೆ ಭಾರ ಹೆಚ್ಚಿ ಗೆರೆಗಳು ಜರುಗಬೇಕು. ಜರುಗಿದವು, ಅವಳ ಲೆಕ್ಕ ಹೇಳಿದ ಜಾಗಕ್ಕೇ.

ಆ ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ ಕೂತು, ಮನೆ ತಲುಪುವವರೆಗೂ ತಾಳಲಾರದೆ ಅಮ್ಮನಿಗೆ ಫೋನ್ ಮಾಡಿದಳು. “ಎರಡೂ ಒಂದೇ ಥರ ತಿರುಗ್ತವಮ್ಮ. ಆದ್ರೆ ನಮ್ಮದರಲ್ಲಿ ಕೆಲವು ನೀರನ್ನ ಜೊತೆಗಿಟ್ಕೊಂಡು ತಿರುಗ್ತವೆ.”

“ಅಷ್ಟು ಚಿಕ್ಕದನ್ನ ನೀನು ಕಂಡುಹಿಡಿದ್ಯಾ?” ಎಂದರು ಲಕ್ಷ್ಮೀದೇವಮ್ಮ. ಆಮೇಲೆ ಆ ನೀರು ಯಾವ ಕಡೆ ಅಂಟಿಕೊಂಡಿದೆ, ಬಿಸಿ ಮಾಡಿದರೆ ಬಿಟ್ಟುಹೋಗುತ್ತದಾ ಎಂದು ದೇವನಹಳ್ಳಿ ಬರುವವರೆಗೂ ಕೇಳುತ್ತಲೇ ಇದ್ದರು.

ಮರುದಿನ ಮುನೀಂದ್ರ ಎಲ್ಲವನ್ನೂ ನೋಡಿ, “ಲಿಮೋನೀನು, ನೀರಿನ ಈ ಜೋಡೀನ ಬೇರೆಯವರು ಆಗಲೇ ಕಂಡಿದ್ದಾರಮ್ಮ,” ಎಂದರು. ವಾಣಿಶ್ರೀಯ ಮುಖ ಸಪ್ಪಗಾಯಿತು. ಅವರು ತೇವ ತೆಗೆದ ಎಣ್ಣೆಯ ಗೆರೆಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರು. ತಳದಲ್ಲಿ ಸಣ್ಣಗೆ ಕೆಲವು ಗೆರೆಗಳು ಹಾಗೇ ಉಳಿದಿದ್ದವು.

“ಇವು ನೀರಿನವಲ್ಲ, ಅಲ್ವಾ?”

“ಅಲ್ಲ ಸಾರ್. ಗೊತ್ತಿರೋ ಯಾವ ಅಣುವಿಗೂ ಹೊಂದ್ತಿಲ್ಲ.”

ಮುನೀಂದ್ರ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು.