ಅತ್ತಿಗೆ ಓದಲು ಹೋದದ್ದು

ಊಟದ ಮೇಜಿನ ಮುಂದೆ ಕುಳಿತು, ಬಾಯಿಗಿಟ್ಟ ತುತ್ತಿಗೆ ಉಪ್ಪು ಸಾಲದೇನೋ ಎಂದು ನೀವು ಮನಸ್ಸಿನಲ್ಲೇ ಅಂದುಕೊಳ್ಳುವಷ್ಟರಲ್ಲಿ ಉಪ್ಪಿನ ಬಟ್ಟಲು ನಿಮ್ಮ ಅಂಗೈಯಲ್ಲಿ ಬಂದು ಕೂತಿರುತ್ತಿತ್ತು. ಕೊಟ್ಟವರಾರೆಂದು ತಲೆಯೆತ್ತಿ ನೋಡಿದರೆ ನನ್ನ ಅತ್ತಿಗೆ ಆಗಲೇ ಅತ್ತ ತಿರುಗಿ, ಅಣ್ಣ ಇನ್ನೂ ಹುಡುಕಲು ತೊಡಗದ ಅವನ ಕನ್ನಡಕವನ್ನು ಅವನ ಕೈಗೆ ದಾಟಿಸುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಯೌವನವನ್ನೆಲ್ಲ ಸವೆಸಿದ ನರ್ಸ್ ಅವರು. ವೈದ್ಯರು ಬಾಯಿ ತೆರೆಯುವ ಮುನ್ನ ಅವರ ಚಾಚಿದ ಅಂಗೈಗೆ ಸರಿಯಾದ ಉಪಕರಣವನ್ನು ಇಡುವುದೇ ಅವರ ಕಸುಬು, ಆ ಕಸುಬು ಕ್ರಮೇಣ ಅವರ ಸ್ವಭಾವವಾಗಿ, ಕೊನೆಗೆ ಅವರ ಹೆಸರೇ ಆಗಿಬಿಟ್ಟಿತ್ತು. ಯಾವುದನ್ನೂ ಸೋಕದಂತೆ ಗೋಡೆಯ ಅಂಚು ಹಿಡಿದು, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ಓರೆಯಾಗಿ ನಡೆಯುವ ಅವರ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದಿತ್ತು. ಬೂದು ಬಣ್ಣದ ಒಂದು ಉದ್ದ ಕೋಟು. ಅದರ ಜೇಬುಗಳಲ್ಲಿ ಹತ್ತಿ, ಗಾಯದ ಪಟ್ಟಿ, ಸೂಜಿದಾರ, ತಲೆನೋವಿನ ಮಾತ್ರೆ, ಹೀಗೆ ತಮಗೆಂದೂ ಬೇಕಾಗದ, ಮತ್ತೊಬ್ಬರಿಗೆ ಬೇಕಾಗಬಹುದಾದ ಸಕಲವೂ. ನಡೆದಾಡುವ ಕಪಾಟು ಎಂದು ಅಣ್ಣ ನಗೆಯಾಡುತ್ತಿದ್ದ.

ಮಾತು ಕಡಿಮೆ. ಯಾರು ಏನು ಹೇಳಿಕೊಂಡರೂ ಪೂರ್ತಿ ಕೇಳಿ, "ಆಯ್ತು, ಮುಂದೆ?" ಅನ್ನುವುದು ರೂಢಿ. ನನಗೆ ಕೆಲಸ ಸಿಕ್ಕಿತೆಂದಾಗಲೂ ಅದೇ, ನಿಶ್ಚಯವಾಗಿದ್ದ ಮದುವೆ ಮುರಿಯಿತೆಂದಾಗಲೂ ಅದೇ. ಎರಡನೆಯ ಸಲ ಅದನ್ನು ಕೇಳಿದ ಮೇಲೆಯೇ, ಆ ಎರಡು ಪದಗಳಲ್ಲಿ ಎಷ್ಟು ಕರುಣೆ ಅಡಗಿದೆಯೆಂದು ನನಗೆ ಅರ್ಥವಾದದ್ದು.

ಅಣ್ಣನ ಹೃದಯದ ಶಸ್ತ್ರಚಿಕಿತ್ಸೆ ಅವರ ಆಸ್ಪತ್ರೆಯಲ್ಲೇ ನಡೆಯಿತು. ಹೆಂಡತಿಯಾದ್ದರಿಂದ ಅವರನ್ನು ಒಳಗೆ ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಬಾಗಿಲಿನ ಈಚೆ, ಉಳಿದ ಬಂಧುಗಳ ಸಾಲಿನಲ್ಲಿ ಕುಳಿತರು. ಎದುರಿನ ಗೋಡೆಗೆ ನುಣುಪಾದ ಕಲ್ಲಿನ ಹಲಗೆಗಳನ್ನು ಹೊದಿಸಿದ್ದರು. ವರ್ಷಗಟ್ಟಲೆ ಆ ಗೋಡೆಯ ಪಕ್ಕದಲ್ಲೇ ಓಡಾಡಿದ್ದರೂ ಕಾಣದಿದ್ದ ಒಂದು ಗುರುತು ಅಂದು ಅವರಿಗೆ ಕಂಡಿತು: ಕಲ್ಲಿನೊಳಗೆ ಹುದುಗಿ ತಾನೂ ಎಂದೋ ಕಲ್ಲಾಗಿಹೋದ ಒಂದು ಪುಟ್ಟ ಶಂಖ. ಅಣ್ಣ ಬದುಕಿ ಮನೆಗೆ ಬಂದ. ಅತ್ತಿಗೆಯ ಮನಸ್ಸು ಮಾತ್ರ ಆ ಶಂಖದಲ್ಲೇ ಉಳಿದುಬಿಟ್ಟಿತು. ಮರುವರ್ಷ ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ಭೂವಿಜ್ಞಾನ ಓದುತ್ತೇನೆಂದು ಎರಡು ಕಡೆ, ನಮ್ಮ ನಗರದ ವಿಶ್ವವಿದ್ಯಾಲಯಕ್ಕೂ ದೂರದ ಊರಿನ ಒಂದು ಕಾಲೇಜಿಗೂ, ಅರ್ಜಿ ಹಾಕಿದರು. ಎರಡೂ ಕಡೆ ಪ್ರವೇಶ ಸಿಕ್ಕಿತು. ವಾರದೊಳಗೆ ಒಂದನ್ನು ಆರಿಸಿ ತಿಳಿಸಬೇಕಿತ್ತು.

ಆ ವಾರವನ್ನು ನಾನು ಇಂದಿಗೂ ಮರೆತಿಲ್ಲ. ಅಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಕೋಪ ಬಂದರೆ ತುಟಿಪಿಟಕ್ಕೆನ್ನದೆ ಕೆಂಪು ಪೆನ್ಸಿಲ್ ಹಿಡಿದು, ಮನೆಯಲ್ಲಿ ಸಿಕ್ಕ ಅಕ್ಷರಗಳನ್ನೆಲ್ಲ, ಔಷಧದ ಡಬ್ಬಿಯ ಮೇಲಿನ ಸೂಚನೆಯನ್ನೂ ಬಿಡದೆ, ತಿದ್ದುತ್ತ ಕೂರುತ್ತಿದ್ದ. ನಮ್ಮ ಅಕ್ಕ ಬಂದು, ಅರವತ್ತಕ್ಕೆ ಅರಳು ಮರಳು ಅಂತಾರೆ, ಇವಳಿಗೆ ಹತ್ತು ವರ್ಷ ಮೊದಲೇ ಬಂತು ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಕಲ್ಲಿನ ವಿಷಯ ಕಲಿಯಲು ಅಷ್ಟು ದೂರ ಹೋಗಬೇಕೆ, ಇಷ್ಟು ವರ್ಷ ನನ್ನೊಡನೆ ಬಾಳಿದ್ದು ಸಾಲದೆ ಎಂದು ಅಣ್ಣ ಒಮ್ಮೆ ಹಾಸ್ಯ ಮಾಡಿದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಎರಡೂ ಕಡೆ ನೋಡಿಬರಲು ಅತ್ತಿಗೆ ನನ್ನನ್ನು ಜೊತೆಗೆ ಕರೆದರು. ನಗರದ ವಿಶ್ವವಿದ್ಯಾಲಯವೆಂದರೆ ಬೀದಿಬೀದಿಗೆ ಚದುರಿದ ಕಟ್ಟಡಗಳು. ಭೂವಿಜ್ಞಾನ ವಿಭಾಗವು ಒಂದು ಬ್ಯಾಂಕಿನ ಮೇಲಿನ ಮಹಡಿಗಳಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ಪ್ರವಾಹದಂತೆ ಇಳಿದು ಬರುತ್ತಿದ್ದರು; ಯಾರೂ ದಾರಿ ಬಿಡಲಿಲ್ಲ, ಯಾರೂ ನೀವು ಯಾರೆಂದು ಕೇಳಲಿಲ್ಲ. ಅತ್ತಿಗೆಯ ಭುಜಕ್ಕೆ ಭುಜ ತಾಗಿಸಿಕೊಂಡು ಹೋದ ಹುಡುಗನೊಬ್ಬ ತಿರುಗಿಯೂ ನೋಡಲಿಲ್ಲ. ಕಾಲೇಜಿನ ಊರಾದರೋ ರೈಲಿನಲ್ಲಿ ಅರ್ಧ ದಿನದ ದಾರಿ. ಕಾಲೇಜಿಗಾಗಿಯೇ ಹುಟ್ಟಿ ಬೆಳೆದ ಊರದು. ಕ್ಷೌರದಂಗಡಿಯವನಿಗೂ ಪರೀಕ್ಷೆಯ ದಿನಾಂಕಗಳು ಬಾಯಿಪಾಠ. ಹಸಿರು ಹಾಸಿನ ನಡುವೆ ಹಳೆಯ ಕಲ್ಲುಕಟ್ಟಡಗಳು, ಗಂಟೆಯ ಗೋಪುರ, ಸಾಲುಮರಗಳ ಕೆಳಗೆ ಹಾಸ್ಟೆಲಿಗೆ ಹೋಗುವ ಹಾದಿ. ಕಾವಲುಗಾರ ಎದ್ದು ನಿಂತು, ಬನ್ನಿ ಅಮ್ಮಾ ಎಂದು ಕುರ್ಚಿ ಹಾಕಿದ. ಅತ್ತಿಗೆಯ ಮುಖ ಅರಳಿತು. ಹೆಚ್ಚು ಯೋಚಿಸಲು ಏನೂ ಉಳಿದಿಲ್ಲವೆಂದು ನನಗೂ ಅನ್ನಿಸಿತು.

ಮರುದಿನ ಸಂಜೆ ಊಟದ ಹೊತ್ತಿಗೆ ಅಣ್ಣ ಕೊನೆಗೂ ಬಾಯಿಬಿಟ್ಟ.

"ಇಲ್ಲೇ ಓದಿದ್ರೆ ಏನಾಗುತ್ತೆ? ನಾನೇನು ಓದಬೇಡ ಅಂದ್ನಾ?"

ಅತ್ತಿಗೆ ತಟ್ಟೆಯಿಂದ ತಲೆಯೆತ್ತಿದರು. "ಇಲ್ಲಿ ಓದಿದ್ರೆ ಸಂಜೆ ಮನೆಗೆ ಬರ್ತೀನಿ. ಬಂದ್ರೆ ನಿಮ್ಮ ಮುಖ ನೋಡ್ತೀನಿ. ನೋಡಿದ ತಕ್ಷಣ ನಿಮಗೇನು ಬೇಕು ಅಂತ ಗೊತ್ತಾಗಿಬಿಡುತ್ತೆ. ಅಲ್ಲಿಗೆ ನನ್ನ ಓದು ಮುಗೀತು."

"ನನಗೆ ಏನಾದ್ರೂ ಆದ್ರೆ?"

"ಆಗಬಹುದು ರೀ," ಎಂದರು ಅತ್ತಿಗೆ. "ಅದು ಗೊತ್ತಿದ್ದೇ ಹೇಳ್ತಿದ್ದೀನಿ."

ಅಣ್ಣ ಅರ್ಧ ಊಟಕ್ಕೇ ಎದ್ದು ಕೈತೊಳೆದ. ಅತ್ತಿಗೆ ಕಾಲೇಜಿನ ಊರಿಗೆ ಹೊರಟ ಬೆಳಿಗ್ಗೆ ನಿಲ್ದಾಣಕ್ಕೂ ಬರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ, ಪಕ್ಕದ ಬೀದಿಯಲ್ಲೇ ಇದ್ದ ನಾನು ದಿನವೂ ಅವನನ್ನು ನೋಡಿಬರುತ್ತಿದ್ದೆ. ಮೊದಮೊದಲು ಮಾತ್ರೆಗಳನ್ನು ಅದಲುಬದಲು ಮಾಡಿಕೊಂಡ. ಒಮ್ಮೆ ಸ್ನಾನದಮನೆಯ ಬಾಗಿಲಲ್ಲಿ ತಲೆಸುತ್ತಿ ಕುಸಿದು, ಗೋಡೆಗೊರಗಿ ಕುಳಿತಿದ್ದಾಗ ನಾನೇ ಎತ್ತಿ ಮಲಗಿಸಿದೆ. ಅವಳಿಗೆ ಹೇಳಿದ್ಯೋ ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದ. ಅದು ಹಟವೋ ಪ್ರೀತಿಯೋ ನನಗೆ ತಿಳಿಯಲಿಲ್ಲ. ಬಿಸಿ ತುಪ್ಪದಂತೆ ಆ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ಆದರೆ ಬಿದ್ದವನು ಕಲಿತ. ಮಾತ್ರೆಗಳ ಹೊತ್ತು ಕಲಿತ, ಒಲೆ ಹಚ್ಚುವುದು ಕಲಿತ, ಕಳೆದ ಕನ್ನಡಕವನ್ನು ತಾನೇ ಹುಡುಕಿಕೊಳ್ಳುವುದು ಕಲಿತ.

ಚಳಿ ಶುರುವಾದ ಮೇಲೆ ಅತ್ತಿಗೆಯನ್ನು ನೋಡಲು ಹೋದೆ. ಅವರ ಕೋಣೆಯ ಮುಂದೆ ಮೂರ್ನಾಲ್ಕು ಹುಡುಗಿಯರು ಕಾದು ನಿಂತಿದ್ದರು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಕಾಲು ಉಳುಕು, ಇನ್ನೊಬ್ಬಳ ಕಣ್ಣು ಅತ್ತು ಕೆಂಪಾಗಿತ್ತು. ಎಲ್ಲರ ಬಾಯಲ್ಲೂ ಅಮ್ಮ. ಹಾಸ್ಟೆಲಿನ ಮೇಲ್ವಿಚಾರಕಿ ಯಾರಿಗೆ ಹುಷಾರಿಲ್ಲದಿದ್ದರೂ ಇವರ ಕೋಣೆಗೇ ಕಳಿಸುತ್ತಿದ್ದರು. ಗುಡ್ಡಕ್ಕೆ ಕಲ್ಲು ಸಂಗ್ರಹಿಸಲು ಹೋದಾಗ ಪ್ರಾಧ್ಯಾಪಕರು ಬಹಳ ವಿನಯದಿಂದ ಪ್ರಥಮಚಿಕಿತ್ಸೆಯ ಪೆಟ್ಟಿಗೆಯನ್ನು ಇವರ ಕೈಗೆ ಕೊಟ್ಟು ಕೆಳಗೇ ಕೂರಿಸಿದ್ದರಂತೆ. ಉಳಿದವರು ಸುತ್ತಿಗೆ ಹಿಡಿದು ಮೇಲೆ ಹತ್ತಿದರಂತೆ. ಇದನ್ನೆಲ್ಲ ಅವರು ಸಾಲುಮರದ ಕೆಳಗಿನ ಬೆಂಚಿನ ಮೇಲೆ, ಹಾದುಹೋಗುವ ಪ್ರತಿಯೊಬ್ಬರ ನಮಸ್ಕಾರಕ್ಕೂ ಪ್ರತಿನಮಸ್ಕಾರ ಮಾಡುತ್ತ ಹೇಳಿದರು. ಮುಖ ಇಳಿದುಹೋಗಿತ್ತು.

"ಒಂದು ಮನೆ ಬಿಟ್ಟು ಬಂದೆ ಕಣೋ. ಇಲ್ಲಿ ನೂರು ಮನೆ ಅಂಟಿಕೊಂಡಿವೆ. ತಪ್ಪು ಯಾರದೂ ಅಲ್ಲ, ಎಲ್ಲರೂ ಒಳ್ಳೆಯವರೇ. ಅದೇ ತೊಂದರೆ."

ಅವರು ನಗರದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಕೇಳಿದ್ದರು. ಒಪ್ಪಿಗೆಯೂ ಬಂದಿತ್ತು. ಭುಜ ತಾಗಿಸಿ ಹೋದ ಆ ಹುಡುಗ ದಿನಾ ನೆನಪಿಗೆ ಬರುತ್ತಾನೆ, ಅವನಿಗೆ ನನ್ನಿಂದ ಏನೂ ಬೇಕಿರಲಿಲ್ಲ ಎಂದರು. ಅಣ್ಣನಿಗೆ ಏನೂ ಹೇಳಬೇಡ, ಹೇಳುವುದನ್ನು ನಾನೇ ಹೇಳುತ್ತೇನೆ ಎಂದು ನನ್ನ ಕೈಮೇಲೆ ಕೈಯಿಟ್ಟು ಕೇಳಿಕೊಂಡರು. ಹೀಗೆ ನನ್ನ ಬಾಯಲ್ಲಿ ಎರಡನೆಯ ಬಿಸಿ ತುತ್ತು.

ವಾಪಸು ಬರುತ್ತಾರೆಂಬ ಸುದ್ದಿಯಷ್ಟೇ ಮೊದಲು ಮನೆ ಮುಟ್ಟಿತು. ಗಂಡನ ಮೇಲಿನ ಕರುಳು ಎಳೆಯಿತು ನೋಡು ಎಂದು ಅಕ್ಕ ಗೆದ್ದವಳಂತೆ ಬೀಗಿದಳು. ಅಣ್ಣ ಕಿಟಕಿಗಳಿಗೆ ಹೊಸ ಪರದೆ ಹಾಕಿಸಿದ, ಗಡ್ಡ ನುಣ್ಣಗೆ ಹೆರೆದುಕೊಂಡ, ಕೆಂಪು ಪೆನ್ಸಿಲನ್ನು ಡ್ರಾಯರಿನೊಳಗೆ ಹಾಕಿದ. ನಿಲ್ದಾಣಕ್ಕೆ ನನಗಿಂತ ಮೊದಲೇ ಹೋಗಿ ನಿಂತಿದ್ದ. ಮುಂದೆ ಬರುವುದೇನೆಂದು ಬಲ್ಲ ನಾನು ಅವನ ಸಂತೋಷದ ಮುಖಕ್ಕೆ ಕಣ್ಣುಕೊಡದೆ ರೈಲು ಬರುವ ಕಡೆಗೇ ನೋಡುತ್ತ ನಿಂತೆ.

ಆ ಸಂಜೆಯೇ ಅತ್ತಿಗೆ ಹೇಳಿದರು. ಅಕ್ಕ ತನ್ನ ಮನೆಗೆ ಹೋಗಿ, ಮೇಜಿನ ಸುತ್ತ ನಾವು ಮೂವರೇ ಉಳಿಯುವವರೆಗೆ ಕಾದಿದ್ದರು.

"ನಿಮಗೋಸ್ಕರ ಬಂದೆ ಅಂದುಕೊಂಡಿದ್ದೀರಿ. ಹಾಗೆ ಅಂದುಕೊಳ್ಳೋಕೆ ಬಿಟ್ಟರೆ ಇಬ್ಬರಿಗೂ ಮೋಸ. ನಾನು ಬಂದಿದ್ದು ಇಲ್ಲಿ ಓದೋದಕ್ಕೆ. ಆ ಕಟ್ಟಡದಲ್ಲಿ ನನ್ನನ್ನ ಯಾರೂ ಕರೆಯೋದಿಲ್ಲ, ಅದಕ್ಕೆ. ತರಗತಿ ಮುಗಿದ ಮೇಲೂ ಅಲ್ಲೇ ವಾಚನಾಲಯದಲ್ಲಿ ಕೂತಿರ್ತೀನಿ. ನಿಮಗೆ ಅದು ಆಗಲ್ಲ ಅಂದ್ರೆ ಅಲ್ಲೇ ಹತ್ತಿರ ಒಂದು ಕೋಣೆ ನೋಡಿದ್ದೀನಿ."

ಅಣ್ಣನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವನ ಹೃದಯದ ಸ್ಥಿತಿ ಬಲ್ಲ ನಾನು ಕುರ್ಚಿಯ ಅಂಚಿಗೆ ಬಂದೆ. ಅತ್ತಿಗೆಯೂ ಅವನ ಉಸಿರನ್ನೇ ಗಮನಿಸುತ್ತಿದ್ದರು, ಆದರೆ ಆಡಿದ ಮಾತನ್ನು ಮೆತ್ತಗಾಗಿಸಲು ಒಂದು ಶಬ್ದವನ್ನೂ ಸೇರಿಸಲಿಲ್ಲ.

"ನಾನು ಒಂದ್ಸಲ ಬಿದ್ದಿದ್ದೆ," ಎಂದ ಅಣ್ಣ ಕೊನೆಗೆ. "ನಿನಗೆ ಹೇಳಬೇಡ ಅಂತ ಇವನಿಗೆ ಅಂದಿದ್ದೆ. ನಿನ್ನನ್ನ ವಾಪಸು ಕರೆಸೋಕೆ ಅದೊಂದು ಸಾಕಾಗಿತ್ತು. ಕರೆಸಲಿಲ್ಲ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಕೋಣೆಗೀಣೆ ಏನೂ ಬೇಡ. ಮಾತ್ರೆ ನಾನೇ ತಗೋತೀನಿ. ಹೊತ್ತಾದ್ರೆ ಕಾಯೋದಿಲ್ಲ, ಊಟ ಮಾಡಿ ಮಲಗ್ತೀನಿ. ಬೇಜಾರು ಮಾಡ್ಕೋಬೇಡ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಣ್ಣ ಎದ್ದು ತಟ್ಟೆಗಳನ್ನು ತೆಗೆದ.

ಅವರು ಓದು ಮುಗಿಸಿದರು, ಮಧ್ಯಮ ದರ್ಜೆಯಲ್ಲಿ. ಬ್ಯಾಂಕಿನ ಮೇಲಿನ ಆ ಮಹಡಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕಾಗದದಷ್ಟು ತೆಳ್ಳಗೆ ಕೊಯ್ದ ಕಲ್ಲಿನ ಚೂರಿನೊಳಗೆ ಹೊಳೆಯುವ ಬಣ್ಣಗಳನ್ನು ನೋಡುತ್ತ ಕುಳಿತಿದ್ದಾಗ ನಾನೊಮ್ಮೆ ಹೋಗಿ ಪಕ್ಕದಲ್ಲಿ ನಿಂತಿದ್ದೆ. ಬಹಳ ಹೊತ್ತು ಅವರಿಗೆ ಗೊತ್ತೇ ಆಗಲಿಲ್ಲ. ಎಲ್ಲರ ಅಗತ್ಯದ ಸುಳಿವನ್ನೂ ಮೊದಲೇ ಹಿಡಿಯುತ್ತಿದ್ದವರು ನಾನು ಬಂದದ್ದನ್ನು ಅರಿಯದೆ ಕೂತಿದ್ದರು. ಕರೆಯದೆ ಹಿಂದಿರುಗಿದೆ.

ಇಂಥವರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇರುತ್ತಾರೆ. ಅವರನ್ನು ನಾವು ತಾಯಿಯೆನ್ನುತ್ತೇವೆ, ದೇವರಂಥವರೆನ್ನುತ್ತೇವೆ, ಹಾಗೆನ್ನುತ್ತಲೇ ಒಂದೊಂದು ಹಗ್ಗವನ್ನು ಅವರ ಕಾಲಿಗೆ ಬಿಗಿಯುತ್ತೇವೆ. ದಣಿದವರಿಗೆ ಬೇಕಾದದ್ದು ನೆರಳು, ಹಸಿರು, ಆದರದಿಂದ ನಗುವ ನಾಲ್ಕು ಮುಖ ಎಂದು ನಂಬಿ, ಅಂಥ ಊರುಗಳಿಗೆ ಅವರನ್ನು ಕಳಿಸುತ್ತೇವೆ. ಆದರವೇ ಅವರ ದಣಿವಿನ ಮೂಲವೆಂಬುದು ನಮಗೆ ಹೊಳೆಯುವುದಿಲ್ಲ. ಜೀವಮಾನವಿಡೀ ಮತ್ತೊಬ್ಬರಿಗೆ ಬೇಕಾದವರಾಗಿಯೇ ಬಾಳಿದ ಜೀವಕ್ಕೆ, ತನಗೇನು ಬೇಕೆಂದು ಕೇಳಿಸಿಕೊಳ್ಳಲು, ಯಾರಿಗೂ ಬೇಡವಾಗಿ ಕೂರಬಲ್ಲ ಒಂದು ಮೂಲೆ ಬೇಕಾಗುತ್ತದೆ. ಅವರನ್ನು ನಿಜವಾಗಿ ಪ್ರೀತಿಸುವವರು ಆ ಮೂಲೆಯನ್ನು ಬಿಟ್ಟುಕೊಡುತ್ತಾರೆ, ಮತ್ತು ಅದು ಎಷ್ಟು ನೋಯುತ್ತದೆಂಬುದನ್ನು ಅವರಿಗೆ ಹೇಳುವುದಿಲ್ಲ.